ಐಪಿವಿ6: ಹೊಸ ವಿಳಾಸಕ್ಕೆ ಜಗತ್ತನ್ನು ಒಲಿಸಿದ ಕಥೆ

ಅಂತರ್ಜಾಲದಲ್ಲಿ ಓಡಾಡುವ ಪ್ರತಿಯೊಂದು ಪ್ಯಾಕೆಟ್ ಎರಡು ವಿಳಾಸಗಳನ್ನು ಹೊತ್ತಿರುತ್ತದೆ: ಹೊರಟದ್ದು ಎಲ್ಲಿಂದ, ಮುಟ್ಟಬೇಕಾದದ್ದು ಎಲ್ಲಿಗೆ. ಈ ವಿಳಾಸ ಎಷ್ಟು ಉದ್ದ ಇರಬೇಕು ಎಂಬುದನ್ನು 1981ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 791 ಎಂಬ ದಾಖಲೆ ಗೊತ್ತುಮಾಡಿತು. ಉದ್ದ 32 ಬಿಟ್. ಅಂದರೆ ಒಟ್ಟು 429 ಕೋಟಿ 49 ಲಕ್ಷದ 67 ಸಾವಿರದ 296 ವಿಳಾಸಗಳು. ಆಗ ಜಗತ್ತಿನ ಜನಸಂಖ್ಯೆ ಸುಮಾರು 450 ಕೋಟಿ. ತಲೆಗೊಂದರಂತೆ ಹಂಚಿದರೂ ಸಾಲುತ್ತಿರಲಿಲ್ಲ. ಆದರೆ ಆ ವರ್ಷ ಅಮೆರಿಕದ ರಕ್ಷಣಾ ಇಲಾಖೆಯ ಅರ್ಪಾನೆಟ್ ಜಾಲದಲ್ಲಿದ್ದ ಕಂಪ್ಯೂಟರುಗಳು ಇನ್ನೂರು ಚಿಲ್ಲರೆ ಮಾತ್ರ. ವಿಳಾಸದ ಉದ್ದದ ಬಗ್ಗೆ 1977ರಲ್ಲೇ ಚರ್ಚೆ ನಡೆದಿತ್ತು. 128 ಬಿಟ್ ಇರಲಿ ಎಂದವರೂ ಇದ್ದರು. ಕೆಲಸದ ಹೊಣೆ ಹೊತ್ತಿದ್ದ ವಿಂಟ್ ಸರ್ಫ್, ಒಂದು ಪ್ರಯೋಗಕ್ಕೆ ಇಷ್ಟು ಸಾಕೆಂದು 32ಕ್ಕೆ ನಿಲ್ಲಿಸಿದರು. ಆ ಪ್ರಯೋಗ ಮುಗಿಯಲೇ ಇಲ್ಲ. ಅದೇ ಇಂದಿನ ಐಪಿವಿ4 ಆಗಿ ಉಳಿದುಕೊಂಡಿತು.

ಐಪಿವಿ4 ಬಂದದ್ದೂ ಹಳೆಯದೊಂದನ್ನು ಕೆಳಗಿಳಿಸಿಯೇ. ಅರ್ಪಾನೆಟ್ ಅಲ್ಲಿಯವರೆಗೆ ಎನ್‌ಸಿಪಿ ಎಂಬ ಪ್ರೊಟೊಕಾಲ್ ಬಳಸುತ್ತಿತ್ತು. 1983ರ ಜನವರಿ 1ರಂದು ಅದನ್ನು ನಿಲ್ಲಿಸಿ ಎಲ್ಲರೂ ಐಪಿವಿ4 ಒಳಗೊಂಡ ಟಿಸಿಪಿ/ಐಪಿಗೆ ಬರಬೇಕೆಂದು ಆಜ್ಞೆಯಾಯಿತು. ಬದಲಾವಣೆಯ ಯೋಜನೆ ಬರೆದವರು ಜಾನ್ ಪೋಸ್ಟೆಲ್. ಜನ ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ ಎಂದು ಕಂಡಾಗ, 1982ರ ನಡುವಿನಲ್ಲಿ ಒಂದು ದಿನ ಹಳೆಯ ಪ್ರೊಟೊಕಾಲನ್ನು ಬೇಕೆಂದೇ ಬಂದ್ ಮಾಡಲಾಯಿತು. ಇನ್ನೂ ಎಚ್ಚೆತ್ತುಕೊಳ್ಳದವರಿಗಾಗಿ ಕೆಲವು ತಿಂಗಳ ನಂತರ ಮತ್ತೆ ಎರಡು ದಿನ ಬಂದ್. ಹೊಸ ವರ್ಷದ ಹೊತ್ತಿಗೆ ಬಹುತೇಕರು ದಾರಿಗೆ ಬಂದರು. ಈ ಬದಲಾವಣೆಯನ್ನು ದಾಟಿ ಉಳಿದವನು ನಾನು ಎಂಬರ್ಥದ ಬ್ಯಾಡ್ಜುಗಳನ್ನೂ ಹಂಚಲಾಯಿತು. ಇಷ್ಟು ಸಲೀಸಾಗಿ ಕೆಲಸ ನಡೆದದ್ದಕ್ಕೆ ಕಾರಣ ಸ್ಪಷ್ಟ: ಜಾಲ ಚಿಕ್ಕದು, ಅದರ ಯಜಮಾನ ಒಬ್ಬನೇ. ಮುಂದೆ ಅಂತರ್ಜಾಲಕ್ಕೆ ಅಂಥ ಯಜಮಾನ ಉಳಿಯಲಿಲ್ಲ. ಹೊಸ ವಿಳಾಸ ಪದ್ಧತಿಯನ್ನು ತರುವ ಕೆಲಸ ಹಾಗಾಗಿ ಆಜ್ಞೆಯಿಂದ ಮನವೊಲಿಕೆಗೆ ಇಳಿಯಿತು. ಮೂರು ದಶಕ ಕಳೆದರೂ ಅದು ಇನ್ನೂ ಮುಗಿದಿಲ್ಲ.

ಮೊದಮೊದಲು ವಿಳಾಸಗಳನ್ನು ಹಂಚಿದ ರೀತಿ ಬಲು ಧಾರಾಳದ್ದು. ಅವುಗಳನ್ನು ಎ, ಬಿ, ಸಿ ಎಂಬ ವರ್ಗಗಳಾಗಿ ವಿಂಗಡಿಸಲಾಗಿತ್ತು. ಎ ವರ್ಗದ ಒಂದು ಹಂಚಿಕೆ ಎಂದರೆ 1.67 ಕೋಟಿ ವಿಳಾಸ. ಬಿ ವರ್ಗದ್ದು 65,536. ಸಿ ವರ್ಗದ್ದು ಬರೀ 256. ಎಂಐಟಿ, ಫೋರ್ಡ್ ಕಾರು ಕಂಪನಿ, ಆಪಲ್, ಅಮೆರಿಕದ ಅಂಚೆ ಇಲಾಖೆ, ಇವಕ್ಕೆಲ್ಲ ತಲಾ ಒಂದು ಎ ವರ್ಗ ಸಿಕ್ಕಿತು. ಮಧ್ಯಮ ಗಾತ್ರದ ಸಂಸ್ಥೆಗೆ 256 ಸಾಲದು, 65,536 ವಿಪರೀತ ಹೆಚ್ಚು. ಆದರೂ ಎಲ್ಲರೂ ಕೇಳಿದ್ದು ಬಿ ವರ್ಗವನ್ನೇ. ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 1990ರ ಆಗಸ್ಟ್‌ನಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದಾಗ ಒಂದು ಲೆಕ್ಕ ಮಂಡನೆಯಾಯಿತು: ಇದೇ ವೇಗದಲ್ಲಿ ಹೋದರೆ 1994ರ ಮಾರ್ಚ್ ವೇಳೆಗೆ ಬಿ ವರ್ಗ ಖಾಲಿ. ವೆಬ್ ಎಂಬುದನ್ನು ಸಾಮಾನ್ಯ ಜನ ಇನ್ನೂ ಕಂಡೇ ಇರದ ಕಾಲವದು.

ಪರಿಹಾರ ಹುಡುಕುವ ಯತ್ನ ಮೊದಲು ತಂದದ್ದು ಜಗಳವನ್ನು. 1992ರ ಜೂನ್‌ನಲ್ಲಿ ಜಪಾನಿನ ಕೋಬೆಯಲ್ಲಿ ಸೇರಿದ ಅಂತರ್ಜಾಲ ವಾಸ್ತು ಮಂಡಳಿ, ಯುರೋಪಿನ ಸರ್ಕಾರಗಳೂ ದೂರವಾಣಿ ಇಲಾಖೆಗಳೂ ಬೆಂಬಲಿಸುತ್ತಿದ್ದ ಒಎಸ್‌ಐ ವ್ಯವಸ್ಥೆಯ ಸಿಎಲ್‌ಎನ್‌ಪಿ ಎಂಬ ಪ್ರೊಟೊಕಾಲನ್ನು ಆಧಾರವಾಗಿಟ್ಟುಕೊಳ್ಳಲು ಹೊರಟಿತು. ದಿನನಿತ್ಯ ಜಾಲ ಕಟ್ಟುವ ಎಂಜಿನಿಯರುಗಳಿಗೆ ಇದು ಮನೆಯ ಕೀಲಿಕೈಯನ್ನು ಎದುರಾಳಿಗೆ ಒಪ್ಪಿಸಿದಂತೆ ಕಂಡಿತು. ಮರುತಿಂಗಳು ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ನಡೆದ ಐಇಟಿಎಫ್ ಸಭೆ ಕಾವೇರಿತು. ಸದಾ ಮೂರು ತುಂಡಿನ ಸೂಟಿನಲ್ಲೇ ಕಾಣಿಸಿಕೊಳ್ಳುತ್ತಿದ್ದ ವಿಂಟ್ ಸರ್ಫ್ ವೇದಿಕೆಯ ಮೇಲೆ ಅದನ್ನು ಒಂದೊಂದಾಗಿ ಕಳಚಿ ನಗೆಯುಕ್ಕಿಸಿ ವಾತಾವರಣ ತಿಳಿಗೊಳಿಸಿದರು. ಎಂಐಟಿಯ ಡೇವಿಡ್ ಕ್ಲಾರ್ಕ್, ದೊರೆಗಳನ್ನಾಗಲಿ ಮತದಾನವನ್ನಾಗಲಿ ನೆಚ್ಚದೆ, ಸ್ಥೂಲ ಸಹಮತವನ್ನೂ ನಿಜವಾಗಿ ಓಡುವ ಪ್ರೋಗ್ರಾಮನ್ನೂ ನೆಚ್ಚುವ ಬಳಗ ಇದು ಎಂಬ ಮಾತನ್ನು ಹೇಳಿದ್ದು ಇದೇ ಸಭೆಯಲ್ಲಿ. ಮಂಡಳಿ ತನ್ನ ಪ್ರಸ್ತಾವದಿಂದ ಹಿಂದೆ ಸರಿಯಿತು. ಹೊಸ ಪ್ರೊಟೊಕಾಲನ್ನು ಬಹಿರಂಗ ಸ್ಪರ್ಧೆಯಿಂದಲೇ ಆರಿಸಬೇಕೆಂದು ತೀರ್ಮಾನವಾಯಿತು.

ಆಯ್ಕೆಯ ಹೊಣೆ ಸ್ಕಾಟ್ ಬ್ರಾಡ್ನರ್ ಮತ್ತು ಆಲಿಸನ್ ಮ್ಯಾಂಕಿನ್ ಅವರಿಗೆ ಬಂತು. ಕೊನೆಯ ಸುತ್ತಿಗೆ ಮೂರು ಪ್ರಸ್ತಾವಗಳು ಉಳಿದವು. 1994ರ ಜುಲೈನಲ್ಲಿ ಟೊರಾಂಟೋದಲ್ಲಿ ಸ್ಟೀವ್ ಡೀರಿಂಗ್, ಪಾಲ್ ಫ್ರಾನ್ಸಿಸ್, ಬಾಬ್ ಹಿಂಡನ್ ಅವರ ಬಳಗ ಬೆಳೆಸಿದ್ದ ಪ್ರಸ್ತಾವಕ್ಕೆ ಮನ್ನಣೆ ಸಿಕ್ಕಿತು. ಅದರಲ್ಲಿ ವಿಳಾಸದ ಉದ್ದ 64 ಬಿಟ್ ಇತ್ತು. ಒಮ್ಮೆ ಪೆಟ್ಟು ತಿಂದವರು ಅದನ್ನು 128ಕ್ಕೆ ಏರಿಸಿದರು. 5 ಎಂಬ ಸಂಖ್ಯೆ ಧ್ವನಿ ಮತ್ತು ವಿಡಿಯೊ ಸಾಗಿಸುವ ಇನ್ನೊಂದು ಪ್ರಯೋಗಕ್ಕೆ ಅದಾಗಲೇ ಸಂದಿದ್ದರಿಂದ ಹೊಸದು ಐಪಿವಿ6 ಆಯಿತು. ಅದರ ಮೊದಲ ವಿವರಣೆ 1995ರ ಡಿಸೆಂಬರ್‌ನಲ್ಲಿ, ತಿದ್ದಿದ ರೂಪ 1998ರ ಡಿಸೆಂಬರ್‌ನಲ್ಲಿ ಪ್ರಕಟವಾದವು. ಐಪಿವಿ4 ವಿಳಾಸ 192.168.1.1 ಎಂಬಂತೆ ನಾಲ್ಕು ಸಂಖ್ಯೆಗಳಲ್ಲಿ ಮುಗಿಯುತ್ತದೆ. ಐಪಿವಿ6 ವಿಳಾಸದಲ್ಲಿ ನಾಲ್ಕು ನಾಲ್ಕು ಅಂಕೆಗಳ ಎಂಟು ಗುಂಪುಗಳಿರುತ್ತವೆ. ಗೂಗಲ್‌ನ ಹೆಸರು ಹುಡುಕುವ ಸರ್ವರಿನ 2001:4860:4860::8888 ಎಂಬ ವಿಳಾಸದಲ್ಲಿ ಸಾಲಾಗಿ ಬರುವ ನಾಲ್ಕು ಸೊನ್ನೆ ಗುಂಪುಗಳನ್ನು ಆ ಜೋಡಿ ವಿಸರ್ಗದಂಥ ಚಿಹ್ನೆ ನುಂಗಿಕೊಂಡಿದೆ. ಒಟ್ಟು ವಿಳಾಸಗಳ ಸಂಖ್ಯೆ ಬರೆಯಲು 34ರ ಮುಂದೆ 37 ಸೊನ್ನೆ ಹಾಕಬೇಕು.

ವಿನ್ಯಾಸಕಾರರು ತೆಗೆದುಕೊಂಡ ಒಂದು ನಿರ್ಧಾರವೇ ಮುಂದಿನ ಎಲ್ಲ ತೊಡಕಿನ ಬೇರು. ಹೊಸ ಪ್ರೊಟೊಕಾಲ್ ಹಳೆಯದರೊಂದಿಗೆ ನೇರವಾಗಿ ಮಾತಾಡಲಾರದು. ಐಪಿವಿ6 ಮಾತ್ರ ಇರುವ ಯಂತ್ರ ಐಪಿವಿ4 ಮಾತ್ರ ಇರುವ ಜಾಲತಾಣವನ್ನು ಮಧ್ಯವರ್ತಿಯಿಲ್ಲದೆ ತಲುಪುವಂತಿಲ್ಲ. ಎಲ್ಲ ಯಂತ್ರಗಳೂ ಕೆಲವು ವರ್ಷ ಎರಡನ್ನೂ ಒಟ್ಟಿಗೆ ಓಡಿಸುತ್ತವೆ, ಹಳೆಯ ವಿಳಾಸ ಮುಗಿಯುವಷ್ಟರಲ್ಲಿ ಹೊಸದು ಎಲ್ಲೆಡೆ ಇರುತ್ತದೆ ಎಂಬುದು ಅವರ ಎಣಿಕೆ. 32 ಬಿಟ್ಟಿನ ಜಾಗದಲ್ಲಿ 128 ಬಿಟ್ ಹಿಡಿಸಲಾಗದು ಎಂಬುದು ನಿಜ. ಆ ಮಟ್ಟಿಗೆ ಬಿರುಕು ಅನಿವಾರ್ಯವೇ ಇತ್ತು. ತಪ್ಪಿದ್ದು ತಾಂತ್ರಿಕ ಲೆಕ್ಕವಲ್ಲ, ಮನುಷ್ಯರ ಲೆಕ್ಕ. ಮೊದಲು ಬದಲಾಯಿಸಿದವನಿಗೆ ಖರ್ಚುಂಟು, ಲಾಭವಿಲ್ಲ. ಹಳೆಯದನ್ನು ಬಿಡುವಂತೆಯೂ ಇಲ್ಲ. ಜಾಲತಾಣದವರು ಬಳಕೆದಾರರಿಲ್ಲ ಎಂದರು. ಸಂಪರ್ಕ ಕೊಡುವವರು ಜಾಲತಾಣಗಳಿಲ್ಲ ಎಂದರು. ರೂಟರ್ ಮಾಡುವವರು ಇಬ್ಬರೂ ಕೇಳುತ್ತಿಲ್ಲ ಎಂದರು.

ಅಷ್ಟರಲ್ಲಿ ಹಳೆಯದರ ಆಯುಸ್ಸು ಹೆಚ್ಚಿಸುವ ಉಪಾಯಗಳೂ ಬಂದವು. 1993ರಲ್ಲಿ ಎ, ಬಿ, ಸಿ ವರ್ಗಗಳನ್ನು ಕೈಬಿಟ್ಟು, ಬೇಕಾದಷ್ಟೇ ಅಳತೆಯ ತುಂಡುಗಳನ್ನು ಕೊಡುವ ಪದ್ಧತಿ ಜಾರಿಗೆ ಬಂತು. 1994ರಲ್ಲಿ ನ್ಯಾಟ್ ಎಂಬ ವಿಧಾನದ ವಿವರಣೆ ಪ್ರಕಟವಾಯಿತು. ವಠಾರಕ್ಕೆಲ್ಲ ಒಂದೇ ಅಂಚೆ ವಿಳಾಸ, ಬಂದ ಕಾಗದವನ್ನು ಯಾವ ಮನೆಗೆ ಕೊಡಬೇಕೆಂಬ ಲೆಕ್ಕ ಮಾಲೀಕನ ಬಳಿ ಮಾತ್ರ. ನ್ಯಾಟ್ ಮಾಡುವುದು ಇದನ್ನೇ. ಮನೆಯೊಳಗಿನ ಹತ್ತು ಯಂತ್ರಗಳಿಗೆ 192.168ರಿಂದ ಶುರುವಾಗುವ ಖಾಸಗಿ ವಿಳಾಸ, ಹೊರಜಗತ್ತಿಗೆ ಒಂದೇ ವಿಳಾಸ. ಈ ಖಾಸಗಿ ವಿಳಾಸಗಳ ನಿಯಮ 1996ರಲ್ಲಿ ಗಟ್ಟಿಯಾಯಿತು. ವಿಚಿತ್ರವೆಂದರೆ ನ್ಯಾಟ್‌ನ ಮೊದಲ ದಾಖಲೆ ಬರೆದ ಇಬ್ಬರಲ್ಲಿ ಒಬ್ಬರು ಐಪಿವಿ6ರ ಮೂಲ ಪ್ರಸ್ತಾವದಲ್ಲೂ ದುಡಿದಿದ್ದ ಪಾಲ್ ಫ್ರಾನ್ಸಿಸ್. ತಾತ್ಕಾಲಿಕ ಎಂದು ಬಂದ ನ್ಯಾಟ್ ಜಗತ್ತಿನ ಪ್ರತಿ ಮನೆಯ ರೂಟರಿನಲ್ಲಿ ಕೂತಿತು. ಅದು ಜಾಲವನ್ನು ಉಳಿಸಿತು ಎಂಬುದನ್ನು ಒಪ್ಪಲೇಬೇಕು. ಆದರೆ ಯಾವ ಯಂತ್ರ ಬೇಕಾದರೂ ಇನ್ನಾವ ಯಂತ್ರವನ್ನು ಬೇಕಾದರೂ ನೇರವಾಗಿ ಕರೆಯಬಹುದು ಎಂಬ ಅಂತರ್ಜಾಲದ ಮೂಲ ಗುಣವನ್ನು ಅದು ಕಸಿದುಕೊಂಡಿತು. ಎರಡು ಮನೆಗಳ ನಡುವಿನ ವಿಡಿಯೊ ಕರೆ ಕೂಡ ದೊಡ್ಡ ಕಂಪನಿಯ ಸರ್ವರ್ ಸುತ್ತಿ ಬರುವ ಸ್ಥಿತಿ ಹುಟ್ಟಿದ್ದರಲ್ಲಿ ನ್ಯಾಟ್‌ನ ಪಾಲು ದೊಡ್ಡದು.

ಹೊಸ ಪದ್ಧತಿಯನ್ನು ಮೊದಲು ಮನಸಾರೆ ಹಚ್ಚಿಕೊಂಡ ದೇಶ ಜಪಾನ್. ಅಲ್ಲಿ ಜುನ್ ಮುರೈ ಸ್ಥಾಪಿಸಿದ ವೈಡ್ ಯೋಜನೆಯ ಆಸರೆಯಲ್ಲಿ 1998ರಲ್ಲಿ ಕಾಮೆ ಎಂಬ ತಂಡ ಹುಟ್ಟಿಕೊಂಡಿತು. ಬೇರೆ ಬೇರೆ ಕಂಪನಿಗಳ ಎಂಜಿನಿಯರುಗಳು ಒಂದೆಡೆ ಕೂತು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಐಪಿವಿ6 ಪ್ರೋಗ್ರಾಮನ್ನು ಬಿಎಸ್‌ಡಿ ವ್ಯವಸ್ಥೆಗಳಿಗಾಗಿ ಬರೆದರು. ಇತೊಜುನ್ ಎಂದೇ ಹೆಸರಾದ ಜುನ್-ಇಚಿರೊ ಹಗಿನೊ ಈ ಕೆಲಸದ ಮುಂಚೂಣಿಯಲ್ಲಿದ್ದರು. ತಂಡದ ಜಾಲತಾಣದಲ್ಲಿ ಒಂದು ಆಮೆಯ ಚಿತ್ರವಿತ್ತು. ಐಪಿವಿ4 ಮೂಲಕ ಬಂದವರಿಗೆ ಆ ಆಮೆ ಅಲುಗಾಡದೆ ನಿಂತಿರುತ್ತಿತ್ತು. ಐಪಿವಿ6 ಮೂಲಕ ಬಂದವರಿಗೆ ಕುಣಿಯುತ್ತಿತ್ತು. ತಮ್ಮ ಸಂಪರ್ಕ ಸರಿಯಿದೆಯೇ ಎಂದು ತಿಳಿಯಲು ಜಗತ್ತಿನ ಎಂಜಿನಿಯರುಗಳು ವರ್ಷಗಟ್ಟಲೆ ಈ ಆಮೆಯನ್ನು ನೋಡಿಬರುತ್ತಿದ್ದರು. 2000ದ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಯೊಶಿರೊ ಮೊರಿ ಸಂಸತ್ತಿನ ಭಾಷಣದಲ್ಲೇ ಐಪಿವಿ6ರ ಹೆಸರೆತ್ತಿದರು. ಕೆಲಸ ಮುಗಿಯಿತೆಂದು ಕಾಮೆ ತಂಡ 2006ರ ಮಾರ್ಚ್‌ನಲ್ಲಿ ವಿಸರ್ಜನೆಯಾಯಿತು. 1996ರಿಂದ ನಡೆದಿದ್ದ 6ಬೋನ್ ಎಂಬ ಪ್ರಯೋಗ ಜಾಲವನ್ನು ಅದೇ ವರ್ಷದ ಜೂನ್ 6ರಂದು ಮುಚ್ಚಲಾಯಿತು. ಪ್ರಯೋಗದ ಕಾಲ ಮುಗಿದಿತ್ತು, ಬಳಕೆಯ ಕಾಲ ಮಾತ್ರ ಬಂದಿರಲಿಲ್ಲ.

ಸರ್ಕಾರಗಳು ಗಡುವುಗಳನ್ನು ವಿಧಿಸಿದವು. ಅಮೆರಿಕ 2005ರಲ್ಲಿ ಆದೇಶ ಹೊರಡಿಸಿ, 2008ರ ಜೂನ್ ಒಳಗೆ ತನ್ನ ಇಲಾಖೆಗಳ ಬೆನ್ನೆಲುಬು ಜಾಲಗಳು ಐಪಿವಿ6ಗೆ ಸಿದ್ಧವಾಗಬೇಕೆಂದಿತು. ಸಿದ್ಧವಾಗಿರಬೇಕು ಎಂದಿತೇ ಹೊರತು ಬಳಸಬೇಕು ಎನ್ನಲಿಲ್ಲ, ಆದದ್ದೂ ಅಷ್ಟೇ. ಇದಕ್ಕೆ ಹೋಲಿಸಿದರೆ ಫ್ರಾನ್ಸಿನ ಫ್ರೀ ಎಂಬ ಕಂಪನಿ 2007ರ ಕೊನೆಯಲ್ಲಿ ಮಾಡಿದ್ದು ಬೆರಗಿನ ಕೆಲಸ. ರೆಮಿ ದೆಪ್ರೆ ರೂಪಿಸಿದ ವಿಧಾನದಿಂದ, ಹಳೆಯ ಐಪಿವಿ4 ಜಾಲದ ಮೇಲೆಯೇ ಹೊಸ ಪ್ಯಾಕೆಟ್‌ಗಳನ್ನು ಹೊತ್ತೊಯ್ದು, ಐದೇ ವಾರಗಳಲ್ಲಿ ಅದು ಗ್ರಾಹಕರಿಗೆ ಐಪಿವಿ6 ಕೊಟ್ಟಿತು. ಕಂಪನಿ ತನ್ನ ಮೊಡೆಮ್‌ಗಳನ್ನು ತಾನೇ ವಿನ್ಯಾಸ ಮಾಡುತ್ತಿದ್ದುದರಿಂದ ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ಇಷ್ಟಾದರೂ 2008ರಲ್ಲಿ ಗೂಗಲ್ ಅಳೆದು ನೋಡಿದಾಗ ಅದರ ಬಳಕೆದಾರರಲ್ಲಿ ಐಪಿವಿ6 ಇದ್ದವರು ನಾನೂರಕ್ಕೆ ಒಬ್ಬರಿಗಿಂತ ಕಡಿಮೆ.

ಬಳಕೆದಾರರ ಕೊರತೆಗಿಂತ ದೊಡ್ಡ ಅಡ್ಡಿ ಜಾಲತಾಣದವರ ಭಯ. ಕೆಲವರ ಕಂಪ್ಯೂಟರುಗಳಲ್ಲಿ ಐಪಿವಿ6 ಇದೆಯೆಂದು ತೋರುತ್ತಿತ್ತು, ಆದರೆ ದಾರಿ ಮಧ್ಯದಲ್ಲಿ ಕಡಿದಿರುತ್ತಿತ್ತು. ಜಾಲತಾಣ ಹೊಸ ವಿಳಾಸ ಪ್ರಕಟಿಸಿದರೆ ಇಂಥವರಿಗೆ ಪುಟ ತೆರೆಯಲು ನಿಮಿಷವೇ ಹಿಡಿಯುತ್ತಿತ್ತು. ಎರಡು ಸಾವಿರಕ್ಕೆ ಒಬ್ಬರ ಮಟ್ಟದ ತೊಂದರೆ ಇದು. ಕೋಟಿಗಟ್ಟಲೆ ಜನ ಬಳಸುವ ತಾಣಕ್ಕೆ ಅದೂ ಹೆಚ್ಚೇ. ಒಬ್ಬರೇ ಮುಂದೆ ಹೋದರೆ ಗ್ರಾಹಕ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹಾಗಾಗಿ ಎಲ್ಲರೂ ಒಂದೇ ದಿನ ಹೋಗುವುದೆಂದು ಇಂಟರ್ನೆಟ್ ಸೊಸೈಟಿ ಯೋಜನೆ ಹಾಕಿತು. 2011ರ ಜೂನ್ 8, ವಿಶ್ವ ಐಪಿವಿ6 ದಿನ. ಗೂಗಲ್, ಫೇಸ್‌ಬುಕ್, ಯಾಹೂ ಸೇರಿ ಸಾವಿರಕ್ಕೂ ಹೆಚ್ಚು ಜಾಲತಾಣಗಳು 24 ಗಂಟೆ ಕಾಲ ಹೊಸ ವಿಳಾಸ ತೆರೆದಿಟ್ಟವು. ಅನಾಹುತವೇನೂ ಆಗಲಿಲ್ಲ. ಮರುವರ್ಷ, 2012ರ ಜೂನ್ 6ರಂದು, ಇದೇ ಕಂಪನಿಗಳು ಹೊಸ ವಿಳಾಸವನ್ನು ಶಾಶ್ವತವಾಗಿ ತೆರೆದವು. ಎರಡು ದಾರಿಗಳನ್ನೂ ಒಟ್ಟಿಗೆ ಪರೀಕ್ಷಿಸಿ ಬೇಗ ಉತ್ತರಿಸಿದ್ದನ್ನು ಹಿಡಿಯುವ ವಿಧಾನವೂ ಬ್ರೌಸರುಗಳಿಗೆ ಆ ವೇಳೆಗೆ ಬಂದಿತ್ತು. ಪ್ರೋತ್ಸಾಹದ ನಾನಾ ಯತ್ನಗಳಲ್ಲಿ ನೇರ ಫಲ ಕೊಟ್ಟದ್ದು ಇದು. ಇಲ್ಲಿ ಉಪದೇಶವಿರಲಿಲ್ಲ, ಒಬ್ಬರೇ ಸೋಲುವ ಭಯವನ್ನು ಎಲ್ಲರೂ ಕೂಡಿ ಹಂಚಿಕೊಂಡರು.

ಈ ನಡುವೆ ಹಳೆಯ ವಿಳಾಸಗಳ ದಾಸ್ತಾನು ನಿಜಕ್ಕೂ ಬರಿದಾಯಿತು. 2011ರ ಫೆಬ್ರವರಿ 3ರಂದು ಮಯಾಮಿಯಲ್ಲಿ ನಡೆದ ಸಮಾರಂಭದಲ್ಲಿ ಕೇಂದ್ರ ದಾಸ್ತಾನಿನ ಕೊನೆಯ ಐದು ಕಟ್ಟುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಕೊಡಲಾಯಿತು. ಏಷ್ಯಾ-ಪೆಸಿಫಿಕ್‌ನ ಎಪಿನಿಕ್ ಅದೇ ವರ್ಷದ ಏಪ್ರಿಲ್ 15ಕ್ಕೆ ತನ್ನ ಕೊನೆಯ ಕಟ್ಟನ್ನು ಮುಟ್ಟಿತು. ಉತ್ತರ ಅಮೆರಿಕದ ದಾಸ್ತಾನು 2015ರ ಸೆಪ್ಟೆಂಬರ್‌ನಲ್ಲಿ, ಯುರೋಪಿನದು 2019ರ ನವೆಂಬರ್‌ನಲ್ಲಿ ಮುಗಿಯಿತು. ಪುಕ್ಕಟೆ ಸಿಕ್ಕಿದ್ದು ಮಾರಾಟದ ಸರಕಾಯಿತು. ದಿವಾಳಿಯೆದ್ದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳಿಗೆ ಮೈಕ್ರೋಸಾಫ್ಟ್ 2011ರಲ್ಲಿ 75 ಲಕ್ಷ ಡಾಲರ್ ತೆತ್ತಿತು. 2017ರಲ್ಲಿ ಎಂಐಟಿ ತನ್ನ ಎ ವರ್ಗದ ಅರ್ಧದಷ್ಟನ್ನು, ಅಂದರೆ ಸುಮಾರು 80 ಲಕ್ಷ ವಿಳಾಸಗಳನ್ನು ಮಾರಲು ಮುಂದಾಯಿತು; ಅವು ಅಮೆಜಾನ್ ಪಾಲಾದವು. ಮೊದಲೇ ಬಂದು ಬಾಚಿಕೊಂಡಿದ್ದವರು ಶ್ರೀಮಂತರಾದರು, ತಡವಾಗಿ ಬಂದ ದೇಶಗಳಿಗೆ ಉಳಿದದ್ದು ನ್ಯಾಟ್ ಮೇಲೆ ನ್ಯಾಟ್. ಇದು ಅನ್ಯಾಯವೇ ಸರಿ.

ಕೊರತೆ ಬಿಸಿ ತಟ್ಟಿಸಿದ ಕಡೆ ಕೆಲಸ ತಾನಾಗಿ ನಡೆಯಿತು. ಅಮೆರಿಕದ ಕಾಮ್‌ಕಾಸ್ಟ್ ಕಂಪನಿಗೆ ತನ್ನ ಕೇಬಲ್ ಮೊಡೆಮ್‌ಗಳನ್ನು ನಿರ್ವಹಿಸಲು ಖಾಸಗಿ ವಿಳಾಸಗಳ ಅತಿ ದೊಡ್ಡ ಕಟ್ಟೂ ಸಾಲದೆ ಹೋಯಿತು. ಅದು ಮೊದಲೇ ಐಪಿವಿ6ರತ್ತ ತಿರುಗಿತು. ಟಿ-ಮೊಬೈಲ್ ಫೋನುಗಳಿಗೆ ಐಪಿವಿ6 ಮಾತ್ರ ಕೊಟ್ಟು, ಹಳೆಯ ತಾಣಗಳಿಗಾಗಿ ಫೋನಿನಲ್ಲೂ ಜಾಲದಲ್ಲೂ ಭಾಷಾಂತರ ಮಾಡುವ 464ಎಕ್ಸ್‌ಲ್ಯಾಟ್ ವಿಧಾನವನ್ನು ಬಳಕೆಗೆ ತಂದಿತು. ಆಪಲ್ ಸಂಸ್ಥೆ 2016ರ ಜೂನ್ 1ರಿಂದ, ಐಪಿವಿ6 ಮಾತ್ರ ಇರುವ ಜಾಲದಲ್ಲಿ ಓಡದ ಆ್ಯಪ್‌ಗಳನ್ನು ಸೇರಿಸಿಕೊಳ್ಳುವುದಿಲ್ಲ ಎಂದಿತು. ಬೆಲ್ಜಿಯಂನಲ್ಲಿ ಒತ್ತಡ ಬಂದದ್ದು ಪೊಲೀಸರಿಂದ. ಒಂದೇ ವಿಳಾಸದ ಹಿಂದೆ ಸಾವಿರಾರು ಜನರಿದ್ದರೆ ಅಪರಾಧಿಯನ್ನು ಪತ್ತೆ ಹಚ್ಚುವುದು ಹೇಗೆ? ಒಂದು ವಿಳಾಸವನ್ನು 16ಕ್ಕಿಂತ ಹೆಚ್ಚು ಗ್ರಾಹಕರಿಗೆ ಹಂಚಬಾರದೆಂದು ಅಲ್ಲಿನ ಕಂಪನಿಗಳು ಒಪ್ಪಿಕೊಂಡವು. ಆ ಪುಟ್ಟ ದೇಶ ಹಲವು ವರ್ಷ ಐಪಿವಿ6 ಬಳಕೆಯಲ್ಲಿ ಜಗತ್ತಿಗೇ ಮುಂದಿತ್ತು.

ಭಾರತದ ಕಥೆಯಲ್ಲಿ ಎರಡು ಅಧ್ಯಾಯಗಳಿವೆ: ಕಾಗದದ್ದೊಂದು, ಫೋನಿನದೊಂದು. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮುಂತಾದ ಎಂಟು ಸಂಸ್ಥೆಗಳನ್ನು ಬೆಸೆದಿತ್ತು. ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಸಂಪರ್ಕ ಕೊಟ್ಟದ್ದು 1995ರ ಆಗಸ್ಟ್ 15ರಂದು. ಧಾರಾಳ ಹಂಚಿಕೆಯ ಕಾಲ ಅಷ್ಟೊತ್ತಿಗೆ ಮುಗಿದಿತ್ತು. ದೂರಸಂಪರ್ಕ ಇಲಾಖೆಯ ಲೆಕ್ಕದಲ್ಲೇ, 36 ಕೋಟಿ ಡೇಟಾ ಬಳಕೆದಾರರಿಗೆ ದೇಶದಲ್ಲಿದ್ದ ಐಪಿವಿ4 ವಿಳಾಸಗಳು 3.5 ಕೋಟಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರ ಜನವರಿಯಲ್ಲೇ ಬದಲಾವಣೆಗೆ ಶಿಫಾರಸು ಮಾಡಿತು. 2010ರ ಜುಲೈನಲ್ಲಿ ಬಂದ ಮೊದಲ ರಾಷ್ಟ್ರೀಯ ಮಾರ್ಗಸೂಚಿ, ಸಂಪರ್ಕ ಕಂಪನಿಗಳು 2011ರ ಡಿಸೆಂಬರ್‌ಗೆ, ಸರ್ಕಾರಿ ಇಲಾಖೆಗಳು 2012ರ ಮಾರ್ಚ್‌ಗೆ ಸಜ್ಜಾಗಬೇಕೆಂದಿತು. ಆಗಲಿಲ್ಲ. 2013ರ ಮಾರ್ಚ್‌ನಲ್ಲಿ ಎರಡನೆಯ ಮಾರ್ಗಸೂಚಿ ಬಂತು, ಹೊಸ ದಿನಾಂಕಗಳು ಬಂದವು, ಅವೂ ಮುಂದೆ ಹೋದವು. 2021ರ ನವೆಂಬರ್‌ನಲ್ಲೂ ಇಲಾಖೆ ಗಡುವು ವಿಸ್ತರಿಸುತ್ತಲೇ ಇತ್ತು. ಈ ಕಾಗದಗಳು ವ್ಯರ್ಥವೆನ್ನುವುದು ಸರಿಯಲ್ಲ. ಕಾರ್ಯಪಡೆ, ಕಾರ್ಯಾಗಾರ, ತರಬೇತಿಗಳಿಂದ ಒಂದು ತಲೆಮಾರಿನ ಎಂಜಿನಿಯರುಗಳು ಸಿದ್ಧರಾದರು. ಆದರೆ ಸಾಮಾನ್ಯ ಬಳಕೆದಾರನ ಕೈಗೆ ಐಪಿವಿ6 ಬಂದದ್ದು ಬೇರೆ ದಾರಿಯಿಂದ.

2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೊ ಸೇವೆ ಶುರುಮಾಡಿತು. 2ಜಿ, 3ಜಿಯ ಹಳೆಯ ಹೊರೆ ಅದಕ್ಕಿರಲಿಲ್ಲ. ಧ್ವನಿ ಕರೆಯೂ ಐಪಿ ಪ್ಯಾಕೆಟ್ಟಿನಲ್ಲೇ ಸಾಗುವ 4ಜಿ ಜಾಲ ಅದು. ಪ್ರತಿ ಫೋನಿಗೂ ಸದಾ ಒಂದು ವಿಳಾಸ ಬೇಕು. 170 ದಿನಗಳಲ್ಲಿ ಹತ್ತು ಕೋಟಿ ಗ್ರಾಹಕರು ಸೇರಿದರು. ಅಷ್ಟು ಐಪಿವಿ4 ವಿಳಾಸಗಳನ್ನು ಕೊಳ್ಳುವ ಪ್ರಶ್ನೆಯೇ ಇರಲಿಲ್ಲ; ಜಾಲವನ್ನು ಮೊದಲ ದಿನದಿಂದಲೇ ಐಪಿವಿ6 ಮೇಲೆ ಕಟ್ಟಲಾಗಿತ್ತು. ಬೇರೆ ಮೊಬೈಲ್ ಕಂಪನಿಗಳೂ ಹಿಂದೆಯೇ ಬಂದವು. ಕೆಲವೇ ವರ್ಷಗಳಲ್ಲಿ ಭಾರತ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಐಪಿವಿ6 ಇರುವ, ಜಗತ್ತಿನ ಮುಂಚೂಣಿ ದೇಶಗಳಲ್ಲೊಂದಾಯಿತು. ಸಿಮ್ ಹಾಕಿಕೊಂಡ ಕೋಟ್ಯಂತರ ಜನರಲ್ಲಿ ಬಹುಪಾಲು ಮಂದಿಗೆ ತಮ್ಮ ಫೋನಿಗೆ ಹೊಸ ಬಗೆಯ ವಿಳಾಸ ಬಂದದ್ದು ಗೊತ್ತೇ ಆಗಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

2017ರ ಜುಲೈನಲ್ಲಿ ಐಪಿವಿ6ಗೆ ಪೂರ್ಣ ಅಂತರ್ಜಾಲ ಮಾನದಂಡದ ಪಟ್ಟ ಸಿಕ್ಕಿತು. ಅದೇ ನವೆಂಬರ್‌ನಲ್ಲಿ ಚೀನಾ ರಾಷ್ಟ್ರಮಟ್ಟದ ಕ್ರಿಯಾಯೋಜನೆ ಪ್ರಕಟಿಸಿತು. ಅಮೆರಿಕ 2020ರಲ್ಲಿ ಹೊರಡಿಸಿದ ಆದೇಶದಲ್ಲಿ ಹಿಂದಿನ ತಪ್ಪು ತಿದ್ದಿಕೊಂಡು, 2025ರ ಆರ್ಥಿಕ ವರ್ಷದ ಕೊನೆಗೆ ಶೇ. 80ರಷ್ಟು ಸರ್ಕಾರಿ ಯಂತ್ರಗಳು ಐಪಿವಿ6 ಒಂದರ ಮೇಲೆಯೇ ನಡೆಯಬೇಕೆಂದಿತು. ಅಮೆಜಾನ್ ತನ್ನ ಕ್ಲೌಡ್ ಸೇವೆಯಲ್ಲಿ 2024ರ ಫೆಬ್ರವರಿಯಿಂದ ಪ್ರತಿ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ಬಾಡಿಗೆ ಹಾಕತೊಡಗಿತು. ವರ್ಷಕ್ಕೆ ಅದು ಸುಮಾರು 44 ಡಾಲರ್. ಇಪ್ಪತ್ತು ವರ್ಷಗಳ ಭಾಷಣಗಳಿಗಿಂತ ಈ ಬಿಲ್ ಸಣ್ಣ ಕಂಪನಿಗಳನ್ನು ಬೇಗ ಎಚ್ಚರಿಸಿತು ಎನ್ನಬೇಕು.

ಭಾರತದಲ್ಲಿ ಈಗ ಹಿಂದೆ ಉಳಿದಿರುವುದು ಫೋನುಗಳಲ್ಲ. ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕು, ಪತ್ರಿಕೆ, ಸರ್ಕಾರಿ ಕಚೇರಿಗಳ ಎಷ್ಟೋ ಜಾಲತಾಣಗಳು, ಒಳಜಾಲಗಳು ಇನ್ನೂ ಐಪಿವಿ4ರಲ್ಲೇ ಇವೆ. ಅವನ್ನು ಮುಟ್ಟಲು ಐಪಿವಿ6 ಫೋನು ಪ್ರತಿ ಬಾರಿಯೂ ಭಾಷಾಂತರದ ಯಂತ್ರವನ್ನು ಹಾದುಹೋಗಬೇಕು. ಅಂಥ ಜಾಲಗಳನ್ನು ನೋಡಿಕೊಳ್ಳುವವರು ಮುಂದಿನ ಬಾರಿ ರೂಟರ್ ಕೊಳ್ಳುವಾಗ, ಹೋಸ್ಟಿಂಗ್ ಒಪ್ಪಂದ ನವೀಕರಿಸುವಾಗ ಐಪಿವಿ6 ಇದೆಯೇ ಎಂದು ಕೇಳಿ ಪಡೆಯಬೇಕು, ಪಡೆದದ್ದನ್ನು ಅಂದೇ ಚಾಲೂ ಮಾಡಬೇಕು.